ಯಾವ ಮಾರ್ವಾ, ಯಾರ ಮಾರ್ವಾ?

‘ಮನ್ಸೂರರ ಶಿವಮತ ಭೈರವ ಕೇಳಿ, ಅದ್ಭುತ!’ ಎಂಬ ಒಂದು ಸಾಲು, ಅದರ ಕೆಳಗೊಂದು ಕೊಂಡಿ, ಪಕ್ಕದಲ್ಲಿ ಕೈಮುಗಿದ ಚಿತ್ರ. ಸಂಗೀತಪ್ರಿಯರ ವಾಟ್ಸಾಪ್ ಗುಂಪುಗಳಲ್ಲಿ ಹೆಚ್ಚಿನ ಶಿಫಾರಸುಗಳು ಇಷ್ಟೇ ಇರುತ್ತವೆ. ಒತ್ತಿದರೆ ಒಮ್ಮೆ ಹಾಡು ಬರುತ್ತದೆ, ಒಮ್ಮೆ ‘ಈ ವಿಡಿಯೋ ಲಭ್ಯವಿಲ್ಲ’ ಎಂದು ಬರುತ್ತದೆ. ಕೊಂಡಿ ಸತ್ತ ಮೇಲೆ ಆ ಶಿಫಾರಸಿನಲ್ಲಿ ಉಳಿಯುವುದು ಗಾಯಕನ ಹೆಸರು, ರಾಗದ ಹೆಸರು ಮಾತ್ರ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ತಮ್ಮ ನೆಚ್ಚಿನ ರಾಗಗಳನ್ನು ದಶಕಗಳ ಕಾಲ ಮತ್ತೆ ಮತ್ತೆ ಹಾಡಿದವರು. ರೆಕಾರ್ಡಿಗೆ ಹಾಡಿದ್ದು ಬೇರೆ, ಆಕಾಶವಾಣಿಗೆ ಹಾಡಿದ್ದು ಬೇರೆ, ಮೈಫಿಲ್‌ಗಳಲ್ಲಿ ಯಾರೋ ಹಿಡಿದಿಟ್ಟ ಟೇಪು ಬೇರೆ. ಇವುಗಳಲ್ಲಿ ಯಾವುದನ್ನು ಕೇಳಿ ನೀವು ಕೈಮುಗಿದಿರಿ ಎಂದು ಹೇಳದೆ ಹೋದರೆ ಎದುರಿನವರು ಕೇಳುವುದು ಇನ್ಯಾವುದನ್ನೋ.

ಆಲ್ಬಮ್ಮಿನ ಶಿಫಾರಸು ಎಂದರೆ ಗಾಯಕನ ಶಿಫಾರಸಲ್ಲ, ರಾಗದ ಶಿಫಾರಸೂ ಅಲ್ಲ. ಒಂದು ನಿರ್ದಿಷ್ಟ ದಿನ, ನಿರ್ದಿಷ್ಟ ಸಾಥಿಗಳ (ಪಕ್ಕವಾದ್ಯದವರ) ಜೊತೆ, ನಿರ್ದಿಷ್ಟ ಅವಧಿಯೊಳಗೆ ಆದ ಒಂದು ಹಾಡಿಕೆಯ ಶಿಫಾರಸು. ಅದನ್ನು ಗುರುತಿಸುವಷ್ಟು ವಿವರ ಕೊಡಬೇಕು. ಅದಕ್ಕೆ ದೊಡ್ಡ ಪ್ರಬಂಧವೇನೂ ಬೇಡ. ಗಾಯಕ, ರಾಗ, ತಬಲಾದಲ್ಲಿ ಯಾರು, ಎಲ್‌ಪಿ ಎಂಬ ಉದ್ದ ಅವಧಿಯ ತಟ್ಟೆಯೋ ಬಾನುಲಿಯೋ ಬೈಠಕ್ಕೋ (ಸಣ್ಣ ಖಾಸಗಿ ಕಛೇರಿಯೋ), ಎಷ್ಟು ನಿಮಿಷ, ಚೀಜಿನ (ಹಾಡುವ ರಚನೆಯ) ಮೊದಲ ಎರಡು ಪದ: ಇಷ್ಟಿದ್ದರೆ ಕೊಂಡಿ ಸತ್ತರೂ ಹುಡುಕಿ ತೆಗೆಯಬಹುದು. ಇವುಗಳಲ್ಲಿ ಜನ ಅತಿ ಕಡಿಮೆ ಬರೆಯುವುದು ಅವಧಿಯನ್ನು, ಅತಿ ಹೆಚ್ಚು ಉಪಯೋಗಕ್ಕೆ ಬರುವುದೂ ಅದೇ. ಶೀರ್ಷಿಕೆಗಳನ್ನು ನಂಬುವ ಹಾಗಿಲ್ಲ. ಒಂದೇ ಎಲ್‌ಪಿ ಮೂರು ಹೊಸ ಮುಖಪುಟಗಳಲ್ಲಿ, ‘ಬೆಸ್ಟ್ ಆಫ್’ ಎಂದೋ ‘ವಾಲ್ಯೂಮ್ 4’ ಎಂದೋ ಮತ್ತೆ ಮತ್ತೆ ಬಂದಿರುತ್ತದೆ. ರಾಗವೂ ಅವಧಿಯೂ ಕೆಲವೇ ಸೆಕೆಂಡುಗಳ ಅಂತರದಲ್ಲಿ ಹೊಂದಿದರೆ ಬಹುಮಟ್ಟಿಗೆ ಅದು ಹಳೆಯದೇ. ಕೈಯಲ್ಲಿ ರೆಕಾರ್ಡೇ ಇದ್ದರೆ ಮುಂಬದಿಯ ಫೋಟೋ ಸಾಲದು, ಹಿಂಬದಿಯದೂ ನಡುವಿನ ಲೇಬಲ್ಲಿನದೂ ತೆಗೆದು ಹಾಕಿ. ಸಾಥಿಗಳ ಹೆಸರು ಸಾಮಾನ್ಯವಾಗಿ ಇರುವುದು ಹಿಂಬದಿಯಲ್ಲಿ, ಸಂಖ್ಯೆ ಇರುವುದು ಲೇಬಲ್ಲಿನಲ್ಲಿ. ಎಚ್‌ಎಂವಿ ಎಲ್‌ಪಿಗಳಲ್ಲಿ ಇಎಎಲ್‌ಪಿ, ಇಸಿಎಲ್‌ಪಿ ಎಂದು ಶುರುವಾಗುವ ಸಂಖ್ಯೆಗಳು ಮೋನೋ. ಇಎಎಸ್‌ಡಿ, ಇಸಿಎಸ್‌ಡಿ ಎಂಬುವು ಸ್ಟೀರಿಯೋ. ಆ ಸಂಖ್ಯೆಯನ್ನು ಹಾಗೇ ಹುಡುಕಾಟದ ಪೆಟ್ಟಿಗೆಗೆ ಹಾಕಿದರೆ ರಾಗದ ಹೆಸರು ಹಾಕಿ ತಡಕಾಡುವುದಕ್ಕಿಂತ ಬೇಗ ಸಿಗುತ್ತದೆ. ರಾಗದ ಹೆಸರುಗಳಿಗೆ ಒಂದು ಕಾಗುಣಿತವಿಲ್ಲ. ಬಿಭಾಸ್, ವಿಭಾಸ್, ಜೌನಪುರಿ, ಜೋನ್‌ಪುರಿ. ಇಂಗ್ಲಿಷ್ ಅಕ್ಷರಗಳಲ್ಲಂತೂ ಮನ್ಸೂರರ ಹೆಸರಿಗೇ ಮೂರು ನಾಲ್ಕು ರೂಪಗಳಿವೆ.

ಅವಧಿಯ ಮಾತು ಬಂದದ್ದರಿಂದ ಅದನ್ನೇ ಇನ್ನಷ್ಟು ಹಿಡಿದು ನೋಡೋಣ. ಆಲ್ಬಮ್ಮಿನ ಆಕಾರವನ್ನು ನಿರ್ಧರಿಸಿದ್ದು ಅದನ್ನು ಹೊತ್ತ ವಸ್ತು. 10 ಇಂಚಿನ, ನಿಮಿಷಕ್ಕೆ 78 ಸುತ್ತು ವೇಗದ ತಟ್ಟೆಯ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. 1948ರಲ್ಲಿ ಅಮೆರಿಕದಲ್ಲಿ ಬಂದ ಎಲ್‌ಪಿಗೆ ಮಗ್ಗುಲೊಂದಕ್ಕೆ 20ರಿಂದ 22 ನಿಮಿಷ. ಫಿಲಿಪ್ಸ್ 1963ರಲ್ಲಿ ತಂದ ಕ್ಯಾಸೆಟ್ಟಿನಲ್ಲಿ ಸಿ-60 ಆದರೆ ಮಗ್ಗುಲಿಗೆ 30, ಸಿ-90 ಆದರೆ 45. 1982ರ ಸಿ.ಡಿ.ಗೆ ಮಗ್ಗುಲು ಬದಲಿಸದೆ 74. ಹಿಂದೂಸ್ತಾನಿಯ ಮುಖ್ಯ ಗಾಯನ ಪ್ರಕಾರವಾದ ಖಯಾಲ್ ಹಾಡುವವರೆಲ್ಲರ ಹಾಡಿಕೆಯೂ ಈ ಅಳತೆಗಳಿಗೆ ಒಂದೇ ರೀತಿ ಒಗ್ಗಲಿಲ್ಲ.

ಕಿರಾಣಾ ಘರಾಣೆಯ (ಗಾಯನ ಪರಂಪರೆಯ) ವಿಲಂಬಿತ, ಅಂದರೆ ನಿಧಾನಗತಿಯ, ಏಕತಾಲ ನೋಡಿ. ಹನ್ನೆರಡು ಮಾತ್ರೆಯ ಒಂದು ಆವರ್ತನ (ತಾಳದ ಒಂದು ಸುತ್ತು) ಸುತ್ತಿ ಸಮ್‌ಗೆ (ಮೊದಲ ಮಾತ್ರೆಗೆ) ಬರಲು ಐವತ್ತು ಸೆಕೆಂಡಿನಿಂದ ಒಂದು ನಿಮಿಷ ಬೇಕು. ಎಲ್‌ಪಿಯ 22 ನಿಮಿಷದಲ್ಲಿ ದ್ರುತಕ್ಕೆ (ವೇಗದ ಭಾಗಕ್ಕೆ) ಆರೇಳು ನಿಮಿಷ ತೆಗೆದಿಟ್ಟರೆ ವಿಲಂಬಿತಕ್ಕೆ ಉಳಿಯುವುದು ಹದಿನೈದೋ ಹದಿನೆಂಟೋ ಆವರ್ತನ. ಈ ಘರಾಣೆಯ ಭೀಮಸೇನ ಜೋಶಿಯವರು ಒಂದು ಸ್ವರದಿಂದ ಮುಂದಿನದಕ್ಕೆ ಏರಲು ಬೈಠಕ್ಕಿನಲ್ಲಿ ತೆಗೆದುಕೊಳ್ಳುವ ಸಮಯ ಅಲ್ಲಿ ಇಲ್ಲವೇ ಇಲ್ಲ. ಮನ್ಸೂರರ ಘರಾಣೆಯಾದ ಜೈಪುರ-ಅತ್ರೌಲಿಯ ಲೆಕ್ಕ ಬೇರೆ. ಅಲ್ಲಿ ತಾಳಕ್ಕೆ ಮುಂಚಿನ ಆಲಾಪ ಹೆಸರಿಗಷ್ಟೆ. ಬಂದಿಶ್ (ಚೀಜು) ಕೂಡಲೇ ಶುರುವಾಗುತ್ತದೆ, ಹದಿನಾರು ಮಾತ್ರೆಯ ತೀನ್‌ತಾಲ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಸುತ್ತಿ ಬರುತ್ತದೆ, ರಾಗದ ಬೆಳವಣಿಗೆ ಲಯದ ಒಳಗೇ ನಡೆಯುತ್ತದೆ. ಅಷ್ಟೇ ಹೊತ್ತಿನಲ್ಲಿ ಅದರ ಮೂರು ಪಟ್ಟು ಆವರ್ತನ. ಆದ್ದರಿಂದ ಮನ್ಸೂರರನ್ನು ಹೊಸಬರಿಗೆ ಕೊಡುವಾಗ ಎಲ್‌ಪಿ ಕೊಡಿ, ಭೀಮಸೇನರನ್ನು ಕೊಡುವಾಗ ನೇರ ಕಛೇರಿಯ ಮುದ್ರಣ ಕೊಡಿ ಎನ್ನುವುದು ನಮ್ಮ ಪಕ್ಷ. ಏಕ ನಿಷಾದ ಬಿಹಾಗಡಾದಂಥ ಅಪರೂಪದ ರಾಗವನ್ನೂ ಮನ್ಸೂರರು ಇಪ್ಪತ್ತೇ ನಿಮಿಷದಲ್ಲಿ ಹಾಡಿ ಮುಗಿಸಬಲ್ಲರು, ಮುಗಿದಾಗ ಕಡಿಮೆಯಾಯಿತು ಅನಿಸುವುದಿಲ್ಲ. ಭೀಮಸೇನರ ಶುದ್ಧ ಕಲ್ಯಾಣವನ್ನು ಎಲ್‌ಪಿಯ ಅಳತೆಯಲ್ಲಿ ಮೊದಲು ಕೇಳಿದವರು ‘ಚೆನ್ನಾಗಿದೆ’ ಎಂದು ಸುಮ್ಮನಾಗುತ್ತಾರೆ. ಐವತ್ತು ನಿಮಿಷದ್ದನ್ನು ಕೇಳಿದವರು ಮರುದಿನ ಮತ್ತೆ ಕೇಳುತ್ತಾರೆ.

ಇದಕ್ಕೊಂದು ಅಪವಾದ ಖಯಾಲ್ ಗಾಯಕ ಉಸ್ತಾದ್ ಅಮೀರ್ ಖಾನ್. ಕಿರಾಣಾದವರಿಗಿಂತಲೂ ನಿಧಾನದವರು, ಆದರೂ ಅವರ ಮಾರ್ವಾ, ದರ್ಬಾರಿ ರಾಗಗಳ ಎಲ್‌ಪಿ ಇವತ್ತಿಗೂ ಕೈಯಿಂದ ಕೈಗೆ ದಾಟುತ್ತಲೇ ಇದೆ. ಅದನ್ನು ಶಿಫಾರಸು ಮಾಡುವ ಸಂದೇಶ ಹೀಗಿರಬಹುದು: ‘ಅಮೀರ್ ಖಾನ್, ಮಾರ್ವಾ, ಎಚ್‌ಎಂವಿ ಎಲ್‌ಪಿ, ಇನ್ನೊಂದು ಮಗ್ಗುಲಲ್ಲಿ ದರ್ಬಾರಿ. ವಿಲಂಬಿತ ಝೂಮ್ರಾ ತಾಳದಲ್ಲಿ, “ಪಿಯಾ ಮೋರೆ”. ಆಮೇಲೆ ದ್ರುತ, “ಗುರು ಬಿನ್”. ಸೂರ್ಯ ಮುಳುಗುವ ಹೊತ್ತಿಗೆ ಹಾಕಿ. ಪಂಚಮ ಈ ರಾಗದಲ್ಲಿಲ್ಲ. ಕೋಮಲ ರಿಷಭ, ಶುದ್ಧ ಧೈವತಗಳ ಮೇಲೆ ನಿಂತು ನಿಂತು ಷಡ್ಜವನ್ನು ದೂರವೇ ಇಡುತ್ತಾರೆ. ಷಡ್ಜ ಯಾವಾಗ ಬರುತ್ತದೆ ಎಂದು ಕಾಯುತ್ತ ಕೇಳಿ. ಅದೇ ದಿನ ದರ್ಬಾರಿ ಕೇಳಬೇಡಿ, ಅದಕ್ಕೆ ನಡುರಾತ್ರಿ ಬೇಕು.’ ಇಲ್ಲಿ ‘ಅದ್ಭುತ’ ಎಂಬ ಮಾತಿಲ್ಲ. ಕಿವಿಗೊಂದು ಕೆಲಸ ಕೊಟ್ಟಿದೆ. ರಾಗ ಗೊತ್ತಿಲ್ಲದವರೂ ಈ ಕೆಲಸ ಮಾಡಬಲ್ಲರು, ಯಾಕೆಂದರೆ ತಂಬೂರಿ ಷಡ್ಜವನ್ನು ಬಿಡದೆ ಹೇಳುತ್ತಲೇ ಇರುತ್ತದೆ. ಗಾಯಕ ಅಲ್ಲಿಗೆ ಬಾರದಿರುವುದು ಯಾರಿಗೂ ಕೇಳಿಸುತ್ತದೆ.

ಯೂಟ್ಯೂಬಿನಿಂದ ಹಂಚುವುದಾದರೆ ಆರಂಭದ ಸಮಯ ಗುರುತು ಮಾಡುವ ಆಯ್ಕೆ ಕಂಪ್ಯೂಟರಿನಲ್ಲಿ ‘ಶೇರ್’ ಒತ್ತಿದಾಗ ಸಿಗುತ್ತದೆ. ಆದರೆ ನೇರ ದ್ರುತಕ್ಕೆ ಇಳಿಸುವ ಕೊಂಡಿ ಕಳಿಸಬೇಡಿ. ವಿಲಂಬಿತದಲ್ಲಿ ಒಂದೊಂದಾಗಿ ತೆರೆದ ಸ್ವರಗಳನ್ನೇ ದ್ರುತ ಎತ್ತಿಕೊಂಡು ಓಡುವುದು, ಮೊದಲರ್ಧ ಕೇಳದವರಿಗೆ ಅದು ಬರೀ ವೇಗವಾಗಿ ಕೇಳಿಸುತ್ತದೆ. ತೀರಾ ಅವಸರದವರಿಗೆ ವಿಲಂಬಿತದ ಕೊನೆಯ ಐದು ನಿಮಿಷದಿಂದ ಶುರು ಮಾಡಿಸಿ, ದ್ರುತದ ಕೊನೆಯವರೆಗೂ ಕೂರಿಸಿ. ಗಾಯಕಿ ಕಿಶೋರಿ ಅಮೋಣಕರರ ಭೂಪ್ ರಾಗ ಇದಕ್ಕೆ ಒಳ್ಳೆಯ ಪಾಠ. ಎಲ್ಲರೂ ಕಳಿಸುವುದು ‘ಸಹೇಲಾ ರೇ’ ಒಂದನ್ನೇ. ಅದೇ ಮಗ್ಗುಲಲ್ಲಿ ಅದಕ್ಕೆ ಮುಂಚೆ ‘ಪ್ರಥಮ ಸುರ ಸಾಧೆ’ ಎಂಬ ವಿಲಂಬಿತವಿದೆ. ಅದನ್ನು ಕೇಳಿ ಬಂದವರಿಗೆ ‘ಸಹೇಲಾ’ದ ಮೊದಲ ಎಳೆತ ಬೇರೆಯಾಗಿಯೇ ಕೇಳುತ್ತದೆ.

ಸ್ಟ್ರೀಮಿಂಗ್ ಆಪ್‌ಗಳು ಈ ಜೋಡಿಗಳನ್ನು ಒಡೆಯುವುದರಲ್ಲಿ ನಿಸ್ಸೀಮವಾಗಿವೆ. ವಿಲಂಬಿತ ಒಂದು ಟ್ರ್ಯಾಕ್, ದ್ರುತ ಇನ್ನೊಂದು. ಷಫಲ್ ಆನ್ ಇದ್ದರೆ ದ್ರುತ ಮೊದಲು ಬಂದು ನಡುವೆ ಇನ್ಯಾರದೋ ಠುಮ್ರಿ ನುಗ್ಗುತ್ತದೆ. ಆದ್ದರಿಂದ ಟ್ರ್ಯಾಕಿನ ಕೊಂಡಿ ಬೇಡ, ಆಲ್ಬಮ್ಮಿನ ಕೊಂಡಿ ಕಳಿಸಿ. ಜೊತೆಗೆ ಮೂರು ಸೆಟ್ಟಿಂಗ್ ಹೇಳಿ. ಷಫಲ್ ಆಫ್. ಕ್ರಾಸ್‌ಫೇಡ್ ಸೊನ್ನೆ: ಇಲ್ಲದಿದ್ದರೆ ಒಂದು ರಾಗದ ತಂಬೂರಿಯ ಬಾಲದ ಮೇಲೆ ಇನ್ನೊಂದು ಶ್ರುತಿಯ ತಂಬೂರಿ ಹತ್ತಿ ಕೂರುತ್ತದೆ, ಅದಕ್ಕಿಂತ ಅಸಹ್ಯ ಸದ್ದು ಇನ್ನೊಂದಿಲ್ಲ. ಮೂರನೆಯದು ದನಿಯ ಮಟ್ಟ ಸಮ ಮಾಡುವ ನಾರ್ಮಲೈಸೇಷನ್. ಟ್ರ್ಯಾಕ್‌ಗಳನ್ನು ಬಿಡಿಬಿಡಿಯಾಗಿ ಸಮ ಮಾಡಿದರೆ ಮೆಲ್ಲನೆಯ ವಿಲಂಬಿತವೂ ತುಂಬುಕಂಠದ ದ್ರುತವೂ ಒಂದೇ ಎತ್ತರಕ್ಕೆ ಬಂದು ಹಾಡಿಕೆಯ ಏರು ಚಪ್ಪಟೆಯಾಗುತ್ತದೆ. ಅದನ್ನೂ ಆಫ್ ಮಾಡುವುದು ಲೇಸು.

ಆಲ್ಬಮ್ಮಿನ ಕ್ರಮವೇ ಅದರ ಅರ್ಥವಾಗಿರುವ ತಟ್ಟೆಗಳೂ ಇವೆ. 1960ರ ದಶಕದ ಕೊನೆಯ ‘ಕಾಲ್ ಆಫ್ ದ ವ್ಯಾಲಿ’ಯಲ್ಲಿ ಶಿವಕುಮಾರ ಶರ್ಮಾರ ಸಂತೂರ್, ಬ್ರಿಜ್‌ಭೂಷಣ ಕಾಬ್ರಾರ ಗಿಟಾರ್, ಹರಿಪ್ರಸಾದ ಚೌರಾಸಿಯಾರ ಕೊಳಲು ಸೇರಿ ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ಹೇಳುತ್ತವೆ. ಬೆಳಗಿನ ಅಹಿರ್ ಭೈರವದಿಂದ ಶುರುವಾಗಿ ಪೀಲೂ, ಭೂಪ್, ದೇಸ್‌ಗಳನ್ನು ದಾಟಿ ಪಹಾಡಿಗೆ ಬರುತ್ತದೆ. ಶಾಸ್ತ್ರೀಯ ಸಂಗೀತವೇ ಬೇಡ ಎನ್ನುವವರ ಕೈಗೆ ಮೊದಲು ಇಡಬೇಕಾದದ್ದು ಇದನ್ನು; ಮಾತಿಲ್ಲ, ತುಂಡುಗಳು ಚಿಕ್ಕವು, ದಿನದ ಹೊತ್ತಿನ ಎಳೆ ಹಿಡಿದು ಹೋಗಬಹುದು. ಕಟ್ಟಾ ರಸಿಕರು ಇದನ್ನು ‘ಹಗುರ’ ಎನ್ನುತ್ತಾರೆ. ಹಗುರವಾದ ಬಾಗಿಲು ಬೇಗ ತೆರೆಯುತ್ತದೆ ಬಿಡಿ.

ಹಳೆಯ ತಟ್ಟೆಗಳಿಗೆ ಬಂದರೆ ಶಿಫಾರಸಿನ ಜೊತೆ ಎಚ್ಚರಿಕೆಯೂ ಬೇಕು. ಗಂಗೂಬಾಯಿ ಹಾನಗಲ್ಲರ ಗಂಭೀರ, ಬಹುಪಾಲು ಗಂಡುದನಿ ಎನಿಸುವ ಕಂಠ ಕೇಳಿ ಬೆಳೆದವರಿಗೆ 1930ರ ದಶಕದ ಅವರ 78 ತಟ್ಟೆ ಕಳಿಸಿದರೆ ‘ತಪ್ಪು ಕೊಂಡಿ’ ಎಂಬ ಉತ್ತರ ಬರುವುದು ಸಹಜ. ತೆಳ್ಳಗಿನ, ಎತ್ತರದ ದನಿ ಅದು. ಗಂಟಲಿನ ಚಿಕಿತ್ಸೆಯ ನಂತರ ಕಂಠ ಇಳಿಯಿತು. ಆ ಕಾಲದ ಲೇಬಲ್‌ಗಳಲ್ಲಿ ‘ಗಾಂಧಾರಿ’ ಎಂಬ ಹೆಸರೂ ಸಿಗುವುದರಿಂದ ಹುಡುಕುವಾಗ ಎರಡನ್ನೂ ಹಾಕಬೇಕು. ನಂತರದ ಮುದ್ರಣಗಳನ್ನು ಕೊಡುವಾಗ ಮಗಳು ಕೃಷ್ಣಾ ಹಾನಗಲ್ಲರ ಹೆಸರನ್ನು ಬಿಡಬಾರದು. ತಾರಸಪ್ತಕದ (ಎತ್ತರದ ಸ್ಥಾಯಿಯ) ಎಷ್ಟೋ ಜಾಗಗಳನ್ನು ತುಂಬುವುದು ಮಗಳ ದನಿ; ಗೊತ್ತಿಲ್ಲದವರು ಎರಡನ್ನೂ ತಾಯಿಯದೇ ಎಂದುಕೊಂಡು ಕೇಳುತ್ತಾರೆ.

ಆದರೆ ದನಿ ಎತ್ತರವಿದ್ದ ಮಾತ್ರಕ್ಕೆ ಕಂಠವೇ ಹಾಗೆ ಎಂದುಕೊಳ್ಳುವ ಮುಂಚೆ ವೇಗ ಪರೀಕ್ಷಿಸಿ. ‘78’ ಎಂಬುದು ಹೆಸರಷ್ಟೆ, ಮೊದಮೊದಲ ತಟ್ಟೆಗಳು ನಿಮಿಷಕ್ಕೆ 70ರಿಂದ 82 ಸುತ್ತುಗಳ ನಡುವೆ ಎಲ್ಲೋ ಮುದ್ರಣವಾದವು. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಶ್ರುತಿ ಸರಿಯಾಗಿ ಅರ್ಧ ಮನೆ ಮೇಲಕ್ಕೆ ಹೋಗುತ್ತದೆ: ಹಾರ್ಮೋನಿಯಂನ ಬಿಳಿ ಒಂದರಲ್ಲಿ (ಮೊದಲ ಬಿಳಿ ಮನೆಯಲ್ಲಿ) ಹಾಡಿದ್ದು ಪಕ್ಕದ ಕಪ್ಪು ಒಂದರಲ್ಲಿ ಕೇಳುತ್ತದೆ, 22 ನಿಮಿಷದ್ದು 20 ನಿಮಿಷ 45 ಸೆಕೆಂಡಿಗೆ ಮುಗಿಯುತ್ತದೆ. ಕ್ಯಾಸೆಟ್ಟಿನಿಂದ ಇಳಿಸಿದವುಗಳಲ್ಲೂ ಇದೇ ರೋಗ. ಬೆಲ್ಟ್ ಸಡಿಲವಾದ ಡೆಕ್ಕು ನಿಧಾನ ಓಡುತ್ತದೆ, ಮೋಟರಿನ ವೇಗ ತಿರುಚಿಟ್ಟದ್ದು ಜೋರು ಓಡುತ್ತದೆ. ಫೋನಿನ ಟ್ಯೂನರ್ ಆಪನ್ನು ತಂಬೂರಿಯ ಷಡ್ಜಕ್ಕೆ ಹಿಡಿದು, ಅದೇ ಗಾಯಕ ಅದೇ ವರ್ಷಗಳಲ್ಲಿ ಹಾಡಿದ, ವೇಗ ಸರಿಯಿದೆ ಎಂದು ನಂಬಬಹುದಾದ ಇನ್ನೊಂದು ಮುದ್ರಣದ ಜೊತೆ ಹೋಲಿಸಿ. ಶ್ರುತಿಯೊಂದೇ ಸಾಕ್ಷಿಯಲ್ಲ, ವಯಸ್ಸಾದಂತೆ ಗಾಯಕರು ತಾವೇ ಶ್ರುತಿ ಇಳಿಸುತ್ತಾರೆ. ತಬಲಾದ ಎಡಗೈ ಬಾರಿಸುವ ಬಾಯಾಕ್ಕೆ ಕಿವಿ ಕೊಡಿ, ವೇಗ ಹೆಚ್ಚಿದ್ದರೆ ಅದರ ಗುಂಯ್‌ಗಾರ ಡಬ್ಬಿಯ ಸದ್ದಿನಂತಾಗುತ್ತದೆ. ಸರಿಪಡಿಸಲು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶ ಸಾಕು. ಆದರೆ ಶ್ರುತಿಯೊಂದನ್ನೇ ಬದಲಿಸುವ ಆಯ್ಕೆ ಒತ್ತಬೇಡಿ. ಕೆಟ್ಟಿರುವುದು ವೇಗ, ಅದರಿಂದ ಶ್ರುತಿಯೂ ಲಯವೂ ಒಟ್ಟಿಗೆ ಕೆಟ್ಟಿವೆ, ಹಾಗಾಗಿ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆ ಬೇಕು.

ಇನ್ನೊಂದು ದೋಷವನ್ನು ಗಾಯಕರ ತಲೆಗೆ ಕಟ್ಟುವುದನ್ನು ಆಗಾಗ ನೋಡುತ್ತೇವೆ: ಎಲ್‌ಪಿಯಿಂದ ಇಳಿಸಿದ ಮುದ್ರಣದ ಕೊನೆಯ ಮೂರು ನಾಲ್ಕು ನಿಮಿಷ ದನಿ ಹರಿದಂತೆ, ‘ಸ’ಕಾರಗಳು ಉರಿದಂತೆ ಕೇಳುವುದು. ತಟ್ಟೆ ಸುತ್ತುವ ವೇಗ ಒಂದೇ ಇದ್ದರೂ ಮುಳ್ಳು ಒಳಗೆ ಹೋದಂತೆ ಸುತ್ತಿನ ಉದ್ದ ಕಡಿಮೆಯಾಗುತ್ತದೆ. ಒಂದು ಸೆಕೆಂಡಿನ ನಾದವನ್ನು ಹೊರ ಅಂಚಿನಲ್ಲಿ ಬರೆದಷ್ಟು ಜಾಗದಲ್ಲಿ ಒಳಗೆ ಬರೆಯಲಾಗದು. ಖಯಾಲ್‌ನ ದುರದೃಷ್ಟವೆಂದರೆ ಜೋರಾದ ದ್ರುತ ತಾನುಗಳು (ವೇಗದ ಸ್ವರಸಾಲುಗಳು) ಬರುವುದು ಸರಿಯಾಗಿ ಅಲ್ಲೇ. ಅದೇ ಹಾಡಿಕೆಯನ್ನು ಕಂಪನಿಯ ಮೂಲ ಟೇಪಿನಿಂದ ಮಾಡಿದ ಸಿ.ಡಿ. ಸಿಕ್ಕರೆ ಅದನ್ನು ಹಂಚಿ.

ಕೇಳುವ ಸಾಧನದ ಬಗ್ಗೆ ಒಂದೇ ಮಾತು. ಕಪ್ಪು ಒಂದರ ಮಧ್ಯ ಷಡ್ಜ ಸುಮಾರು 139 ಹರ್ಟ್ಸ್, ತಂಬೂರಿಯ ಖರಜ (ಕೆಳಗಿನ ಷಡ್ಜ) ಅದರ ಅರ್ಧ. ಫೋನಿನ ಪುಟ್ಟ ಸ್ಪೀಕರ್ 300ರ ಕೆಳಗೆ ಬಹುತೇಕ ಮೂಕ. ಮಂದ್ರದ (ಕೆಳಸ್ಥಾಯಿಯ) ಕೆಲಸವಿರುವ ಯಾವುದನ್ನು ಕಳಿಸಿದರೂ ‘ಇಯರ್‌ಫೋನ್ ಹಾಕಿ’ ಎಂದು ಸೇರಿಸಿ.

ಕನ್ನಡ ಭಾವಗೀತೆಯ ಕ್ಯಾಸೆಟ್‌ಗಳ ವಿಷಯದಲ್ಲಿ ತೊಂದರೆಯ ಸ್ವರೂಪ ಬೇರೆ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಎಂದು ಹೆಸರಾದದ್ದು. ಕವಿತೆ ನಿಸಾರ್ ಅಹಮದ್, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿ. ಆ ಬಗೆಯ ಕ್ಯಾಸೆಟ್ಟುಗಳಲ್ಲಿ ಮಗ್ಗುಲಿಗೆ ನಾಲ್ಕೈದು ಹಾಡು, ಎರಡು ಮಗ್ಗುಲಿಗೂ ಒಂದೊಂದು ಆರಂಭ, ಒಂದೊಂದು ಮುಕ್ತಾಯ. ಡಿಜಿಟಲ್ಲಿಗೆ ಬಂದಾಗ ಈ ಮಡಿಕೆ ಕಾಣೆಯಾಗಿ ಹಾಡುಗಳು ಒಂದೇ ಸಾಲಿನಲ್ಲಿ ನಿಂತವು, ಎಷ್ಟೋ ಕಡೆ ಅಕಾರಾದಿಯಲ್ಲಿ. ಕಲಾವಿದರ ಜಾಗದಲ್ಲಿ ಒಮ್ಮೆ ಸಂಯೋಜಕರ ಹೆಸರು, ಒಮ್ಮೆ ಗಾಯಕರದು. ಕವಿಯ ಹೆಸರಿಗಂತೂ ಆ ಪಟ್ಟಿಯಲ್ಲಿ ಹೆಚ್ಚಿನ ಸಲ ಮನೆಯೇ ಇರುವುದಿಲ್ಲ. ಆದ್ದರಿಂದ ಭಾವಗೀತೆ ಹಂಚುವಾಗ ಕವಿ, ಸಂಯೋಜಕ, ಗಾಯಕ ಮೂವರನ್ನೂ ಹೆಸರಿಸುವುದು ಶಿಷ್ಟಾಚಾರವಷ್ಟೇ ಅಲ್ಲ, ಹುಡುಕಲು ಬೇಕಾದ ಮೂರು ಕೀಲಿ. ಒಂದೇ ಕವಿತೆಗೆ ಇಬ್ಬರು ಮೂವರು ರಾಗ ಹಾಕಿರುವ ನಮ್ಮಲ್ಲಿ ಕವಿತೆಯ ಮೊದಲ ಸಾಲು ಮಾತ್ರ ಬರೆದರೆ ಯಾವುದು ಬರುತ್ತದೋ ದೇವರೇ ಬಲ್ಲ. ಹಳೆಯ ಕ್ಯಾಸೆಟ್ಟಿನ ಒಳಹಾಳೆ ಇನ್ನೂ ಉಳಿದಿದ್ದರೆ ಅದರ ಫೋಟೋ ಹಾಕಿ. ಹಾಡುಗಳ ನಿಜವಾದ ಕ್ರಮ ಎಷ್ಟೋ ಸಲ ಅದೊಂದರಲ್ಲೇ ಉಳಿದಿರುತ್ತದೆ.

ಎರಡು ಆಲ್ಬಮ್ಮುಗಳನ್ನು ಜೋಡಿಯಾಗಿ ಕೊಡುವುದು ಒಂದನ್ನೇ ಹೊಗಳುವುದಕ್ಕಿಂತ ಫಲಕಾರಿ. ಶಿಶುನಾಳ ಶರೀಫರ ಪದಗಳನ್ನು ಸಿ. ಅಶ್ವಥ್ ಹಾಡಿದ್ದನ್ನು ಕೇಳದ ಕನ್ನಡಿಗರು ಕಡಿಮೆ. 2008ರಲ್ಲಿ ಬಂದ ರಘು ದೀಕ್ಷಿತರ ಮೊದಲ ಆಲ್ಬಮ್ಮಿನಲ್ಲೂ ಶರೀಫರ ಪದಗಳಿವೆ, ಗಿಟಾರು ಡ್ರಮ್ಮುಗಳ ಜೊತೆ. ‘ಸೋರುತಿಹುದು ಮನೆಯ ಮಾಳಿಗಿ’ಯನ್ನು ಇಬ್ಬರಲ್ಲೂ ಹಿಂದೆಮುಂದೆ ಕೇಳಿದರೆ ಒಬ್ಬರು ಪದದ ಯಾವ ಅಕ್ಷರಕ್ಕೆ ಭಾರ ಹಾಕುತ್ತಾರೆ, ಇನ್ನೊಬ್ಬರು ತಾಳದ ಯಾವ ಹೊಡೆತಕ್ಕೆ ಎಂಬುದು ತಾನಾಗಿ ತಿಳಿಯುತ್ತದೆ. ಹಾಗೆಯೇ ಕಬೀರ. ಬೆಳಗಾವಿಯ ಸುಳೇಭಾವಿಯಲ್ಲಿ ಹುಟ್ಟಿ ಮಾಳವದ ದೇವಾಸಿನಲ್ಲಿ ನೆಲೆಸಿದ ಕುಮಾರ ಗಂಧರ್ವರ ‘ತ್ರಿವೇಣಿ’ಯಲ್ಲಿ ಕಬೀರ, ಸೂರದಾಸ, ಮೀರಾ ಮೂವರೂ ಇದ್ದಾರೆ. ಅದರ ಪಕ್ಕಕ್ಕೆ ಬಿಂದುಮಾಲಿನಿ ಮತ್ತು ವೇದಾಂತ್ ಭಾರದ್ವಾಜರ ‘ಸುನೋ ಭಾಯಿ’ ಇಡಿ. ಕುಮಾರರಲ್ಲಿ ಸಾಲು ಬಿಟ್ಟು ಬಿಟ್ಟು ಬರುತ್ತದೆ, ಒಂದು ಸ್ವರವನ್ನು ಎಸೆದು ಸುಮ್ಮನಾಗುತ್ತಾರೆ. ಕ್ಷಯಕ್ಕೆ ಸಿಕ್ಕ ಶ್ವಾಸಕೋಶದ ಕತೆಯನ್ನು ಇದಕ್ಕೆ ಕಾರಣವಾಗಿ ಎಲ್ಲರೂ ಹೇಳುತ್ತಾರೆ. ಅಷ್ಟೇ ಆಗಿದ್ದರೆ ಆ ಮೌನಗಳು ಪ್ರತಿ ಸಲ ಸಾಲಿನ ಅಷ್ಟು ಸರಿಯಾದ ಜಾಗದಲ್ಲಿ ಬೀಳುತ್ತಿರಲಿಲ್ಲ.

ಹಂಚುವ ಹಕ್ಕಿನ ಪ್ರಶ್ನೆಗೆ ಬಂದರೆ, ಭಾರತದಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯ ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ. 1950ರ ದಶಕದ 78 ತಟ್ಟೆಗಳ ಮುದ್ರಣವನ್ನು ಇಳಿಸಿ ಹಂಚಲು ಈಗ ತೊಡಕಿಲ್ಲ. ಅದರೊಳಗಿನ ಕವಿತೆ, ಸಂಯೋಜನೆಗಳ ಹಕ್ಕು ಬೇರೆ ಲೆಕ್ಕ, ಅದು ಕರ್ತೃವಿನ ಕಾಲಾನಂತರವೂ 60 ವರ್ಷ ನಡೆಯುತ್ತದೆ. 70, 80ರ ದಶಕಗಳ ಎಲ್‌ಪಿ ಕ್ಯಾಸೆಟ್ಟುಗಳಿಗೆ ಕಂಪನಿಯ ಅಧಿಕೃತ ಕೊಂಡಿಯನ್ನೇ ಕೊಡಿ. ಖಾಸಗಿ ಬೈಠಕ್ಕಿನ ಟೇಪುಗಳ ದಾರಿ ಇನ್ನೂ ಸೂಕ್ಷ್ಮ. ಹಾಡಿದವರೋ ಅವರ ಮನೆಯವರೋ ಹೊರಗೆ ಬಿಡದಿದ್ದದ್ದನ್ನು ಗುಂಪಿಗೆ ಎಸೆಯುವುದು ರಸಿಕತನವಲ್ಲ.

ಎಷ್ಟು ಹಂಚಬೇಕು? ವಾರಕ್ಕೊಂದು. ಹತ್ತು ಕೊಂಡಿಗಳ ಪಟ್ಟಿ ಕಳಿಸಿದರೆ ‘ಬಿಡುವಾದಾಗ ಕೇಳುತ್ತೇನೆ’ ಎಂಬ ಉತ್ತರ ಬರುತ್ತದೆ, ಆ ಬಿಡುವು ಬರುವುದಿಲ್ಲ. ಒಂದೇ ಕಳಿಸಿ, ಇಂಥ ಜಾಗಕ್ಕೆ ಕಿವಿ ಕೊಡಿ ಎಂದರೆ ಕೇಳುತ್ತಾರೆ. ಶಿಫಾರಸು ಪಡೆದವರೂ ‘ಚೆನ್ನಾಗಿತ್ತು’ ಎಂದು ಮುಗಿಸದೆ ಒಂದು ನಿಮಿಷದ ಗುರುತು ಬರೆಯಲಿ: ‘12ನೇ ನಿಮಿಷದ ಹೊತ್ತಿಗೆ ತಬಲಾ ಯಾಕೆ ಲಯ ಏರಿಸಿತು?’ ಎಂದೋ, ‘ಈ ಭಾಗ ನನಗೆ ಹಿಡಿಸಲಿಲ್ಲ’ ಎಂದೋ. ಹಿಡಿಸಲಿಲ್ಲ ಎಂಬ ಉತ್ತರದಿಂದಲೇ ಮುಂದಿನ ವಾರ ಏನು ಕಳಿಸಬೇಕೆಂದು ಗೊತ್ತಾಗುತ್ತದೆ. ವಿಲಂಬಿತ ಎಳೆಯಿತು ಎಂದವರಿಗೆ ಮನ್ಸೂರ್, ತಾನುಗಳು ಹೆಚ್ಚಾದವು ಎಂದವರಿಗೆ ಅಮೀರ್ ಖಾನ್, ಮಾತು ತಿಳಿಯಲಿಲ್ಲ ಎಂದವರಿಗೆ ಮನ್ಸೂರರದೇ ವಚನಗಳು ಅಥವಾ ಭೀಮಸೇನರ ‘ದಾಸವಾಣಿ’.